ಕರಿ ಟ್ರ್ಯಾಕಿಗೆ ಒಂದು ವಾರ ಮೊದಲು: ಗಾಡಿ ಜ್ಯಾಕ್ ಮೇಲೆ

16 ನವೆಂಬರ್ 2025, ಭಾನುವಾರ
ಬೆಂಗಳೂರು

ಮುಂದಿನ ವಾರ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ಡೇ, ಅಂದರೆ ಸ್ವಂತ ಗಾಡಿಯನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ಗಾಡಿ ಫೋಕ್ಸ್‌ವ್ಯಾಗನ್ ಪೋಲೊ, 1.0 ಟಿಎಸ್‌ಐ (ಒಂದು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್), ಆರು ಗೇರಿನ ಮ್ಯಾನ್ಯುಯಲ್. 110 ಪಿಎಸ್ ಪವರ್, 175 ಎನ್ಎಂ ಟಾರ್ಕ್. ಇವತ್ತಿನ ಲೆಕ್ಕಕ್ಕೆ ಇದೇನು ಮಹಾ ಅಂಕಿಯಲ್ಲ. 2022ರಲ್ಲಿ ಇಲ್ಲಿ ಪೋಲೊ ತಯಾರಿಕೆಯೇ ನಿಂತುಹೋಯಿತು, ಆದರೂ ಒಳ್ಳೆಯ ಟಿಎಸ್‌ಐ ಮ್ಯಾನ್ಯುಯಲ್ ಹುಡುಕುವವರು ಕಡಿಮೆಯಾಗಿಲ್ಲ. ಸಣ್ಣ ಗಾಡಿ, ಗಟ್ಟಿ ಬಾಡಿ, 1,750 ಆರ್‌ಪಿಎಂನಿಂದಲೇ ಪೂರ್ತಿ ಟಾರ್ಕ್. ಕರಿ ಮೋಟಾರ್ ಸ್ಪೀಡ್‌ವೇಯಂಥ 2.1 ಕಿಲೋಮೀಟರಿನ ಟ್ರ್ಯಾಕಿಗೆ ಇದು ಸರಿಯಾಗಿ ಒಪ್ಪುತ್ತದೆ. 300 ಪಿಎಸ್ ಗಾಡಿ ಅಲ್ಲಿ ನೇರ ದಾರಿಯಲ್ಲಿ ಉಸಿರು ಬಿಡುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ.

ಚೆಟ್ಟಿಪಾಳ್ಯದ ಈ ಟ್ರ್ಯಾಕ್ ಶುರುವಾದದ್ದು 2003ರಲ್ಲಿ. ಹೆಸರು ಎಸ್. ಕರಿವರ್ಧನ್ ಅವರದ್ದು. ಮಾರುತಿ 800ರ ಎಂಜಿನ್ ಹಾಕಿ ಒಂಟಿ ಸೀಟಿನ ಫಾರ್ಮುಲಾ ಮಾರುತಿ ಕಟ್ಟಿದವರು ಅವರೇ, ತೀರಿಕೊಂಡದ್ದು 1995ರಲ್ಲಿ. 800 ಸಿಸಿಯಲ್ಲಿ ರೇಸ್ ಕಾರು! 110 ಪಿಎಸ್ ಸಾಲದು ಎನ್ನುವವರು ಇದನ್ನೊಮ್ಮೆ ನೆನೆಸಿಕೊಳ್ಳಬೇಕು.

ಟ್ರ್ಯಾಕಿಗೆ ಹೊರಡುವ ಹೊಸಬರು ಮೊದಲು ಕೇಳುವುದು ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಪವರ್ ಏರಿಸುವುದು) ಬಗ್ಗೆ, ಆಮೇಲೆ ಎಕ್ಸಾಸ್ಟ್ ಬಗ್ಗೆ. ಬ್ರೇಕ್ ಆಯಿಲ್ ಬಗ್ಗೆ ಯಾರೂ ಕೇಳುವುದಿಲ್ಲ. ಒಂದು ಲೆಕ್ಕ ಹಾಕಿ. ಕಾರು, ಡ್ರೈವರ್, ಪೆಟ್ರೋಲ್ ಎಲ್ಲ ಸೇರಿ 1,200 ಕೆಜಿ ಎಂದಿಟ್ಟುಕೊಳ್ಳಿ. 120ರಿಂದ 60ಕ್ಕೆ ಇಳಿಸಲು ಒಮ್ಮೆ ಬ್ರೇಕ್ ಒತ್ತಿದರೆ ಹುಟ್ಟುವ ಶಾಖ ಸುಮಾರು 500 ಕಿಲೋಜೂಲ್. ಒಂದೂವರೆ ಲೀಟರ್ ತಣ್ಣೀರನ್ನು ಒಲೆಯ ಮೇಲಿಟ್ಟು ಕುದಿ ಬರಿಸುವಷ್ಟು ಶಾಖ ಅದು, ಹುಟ್ಟುವುದು ಮೂರ್ನಾಲ್ಕು ಸೆಕೆಂಡಿನಲ್ಲಿ. ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕಿಗೇ ಹೋಗುತ್ತದೆ. ಪ್ರತಿ ಲ್ಯಾಪಿನಲ್ಲೂ ಹೀಗೆ ಹಲವು ಬಾರಿ. ಈ ಶಾಖವನ್ನು ತಡೆಯದ ಗಾಡಿಯಲ್ಲಿ ಮೂರನೇ ಲ್ಯಾಪಿಗೆ ಖುಷಿ ಹೋಗಿ ಭಯ ಕೂರುತ್ತದೆ. ರೀಮ್ಯಾಪ್ ಮಾಡಿಸಿದರೆ ತಿರುವಿಗೆ ಇನ್ನೂ ಜೋರಾಗಿ ಬಂದು ಇನ್ನೂ ಬೇಗ ಹೆದರುತ್ತೀರಿ, ಅಷ್ಟೇ. ಹಾಗಾಗಿ ಈ ಭಾನುವಾರ ಪೂರ್ತಿ ಬ್ರೇಕಿಗೇ.

ಮೊದಲು ಆಯಿಲ್. ಮಾಮೂಲಿ ಡಾಟ್ 4 ದರ್ಜೆಯ ಬ್ರೇಕ್ ಆಯಿಲಿನ ಕನಿಷ್ಠ ಕುದಿಬಿಂದು ಹೊಸದಾಗಿದ್ದಾಗ 230 ಡಿಗ್ರಿ, ನೀರು ಹೀರಿದ ಮೇಲೆ 155. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಮಂಗಳೂರು, ಉಡುಪಿ ಕಡೆಯ ಗಾಡಿಗಳಲ್ಲಿ ಇದು ಇನ್ನೂ ಬೇಗ. ಎರಡು ವರ್ಷದ ಹಳೆಯ ಆಯಿಲ್ ಊರೊಳಗೆ ಓಡಾಡಲು ಏನೂ ತೊಂದರೆ ಕೊಡುವುದಿಲ್ಲ. ಟ್ರ್ಯಾಕಿನಲ್ಲಿ ಮಾತ್ರ ಕ್ಯಾಲಿಪರಿನೊಳಗೆ (ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ) ಕುದಿದು ಆವಿಯಾಗುತ್ತದೆ. ಆವಿಯನ್ನು ಒತ್ತಿ ಕುಗ್ಗಿಸಬಹುದು, ಆದ್ದರಿಂದ ಪೆಡಲ್ ಸುಮ್ಮನೆ ನೆಲ ಮುಟ್ಟುತ್ತದೆ. ಮೋಟುಲ್ ಆರ್‌ಬಿಎಫ್ 600ರಂಥ ರೇಸಿಂಗ್ ಡಾಟ್ 4ಗೆ ಹೊಸದರಲ್ಲಿ ಕುದಿಬಿಂದು 312 ಡಿಗ್ರಿ. ಅರ್ಧ ಲೀಟರಿನ ಎರಡು ಬಾಟಲಿ ಇದ್ದರೆ ಪೂರ್ತಿ ಬದಲಾಯಿಸಬಹುದು. ಸೀಲ್ ಒಡೆದು ತಿಂಗಳುಗಟ್ಟಲೆ ಇಟ್ಟ ಬಾಟಲಿ ಬೇಡ. ಡಾಟ್ 5.1 ಹಾಕಬಹುದು. ಡಾಟ್ 5 ಎಂದರೆ ಸಿಲಿಕೋನ್, ಅದು ಬೇರೆಯೇ ಜಾತಿ, ಇದರೊಂದಿಗೆ ಬೆರೆಸಲೇಬಾರದು.

ಕೆಲಸಕ್ಕೆ ಇಬ್ಬರು ಬೇಕು. ಮೊದಲು ಸಿರಿಂಜಿನಲ್ಲಿ ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯ ಹಳೆ ಆಯಿಲ್ ಎಳೆದು ಹೊಸದು ತುಂಬಿಸಬೇಕು. ಚಕ್ರದ ಬಳಿ ಆಯಿಲ್ ಹೊರಬಿಡಲು ಇರುವ ನಿಪ್ಪಲಿಗೆ ರಿಂಗ್ ಪಾನಾ ಹಾಕಿ, ಅದರ ಮೇಲೆ ಪಾರದರ್ಶಕ ಪೈಪ್ ಸಿಕ್ಕಿಸಿ, ಪೈಪಿನ ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯೊಳಗೆ ಮುಳುಗಿರಬೇಕು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ದೂರದ ಚಕ್ರದಿಂದ ಹತ್ತಿರದ್ದಕ್ಕೆ ಬರುವುದು, ಅಂದರೆ ನಮ್ಮ ಗಾಡಿಗಳಲ್ಲಿ ಹಿಂದಿನ ಎಡದಿಂದ ಶುರು. ಗಾಡಿಯ ವರ್ಕ್‌ಶಾಪ್ ಮ್ಯಾನ್ಯುಯಲಿನಲ್ಲಿ ಬೇರೆ ಕ್ರಮವಿದ್ದರೆ ಅದೇ ಸರಿ. ಕೆಳಗೆ ಕೂತವರು ನಿಪ್ಪಲ್ ತೆರೆದು "ಒತ್ತು" ಎಂದಾಗ ಒಳಗಿನವರು ನಿಧಾನಕ್ಕೆ ಒತ್ತಬೇಕು, "ಹಿಡ್ಕೋ" ಎಂದಾಗ ಕಾಲು ಅಲ್ಲೇ ನಿಲ್ಲಬೇಕು, ನಿಪ್ಪಲ್ ಬಿಗಿಯಾದ ಮೇಲೆ "ಬಿಡು". ನಿಪ್ಪಲ್ ತೆರೆದಿರುವಾಗಲೇ ಒಳಗಿನವರು ಕಾಲು ಎತ್ತಿದರೆ ಗಾಳಿ ಒಳಗೆ ಹೋಗಿ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ. ನಡುನಡುವೆ ಡಬ್ಬಿ ನೋಡುತ್ತಿರಬೇಕು, ಮಟ್ಟ ಮಿನ್ ಗೆರೆಗಿಂತ ಕೆಳಗಿಳಿಯಕೂಡದು.

ಎರಡು ಸೂಕ್ಷ್ಮ ಇವೆ. ಪೆಡಲನ್ನು ಪೂರ್ತಿ ನೆಲಕ್ಕೆ ಒತ್ತಬಾರದು, ಕೆಳಗೊಂದು ಮರದ ತುಂಡು ಇಡಿ. ದಿನಬಳಕೆಯಲ್ಲಿ ಮಾಸ್ಟರ್ ಸಿಲಿಂಡರಿನ ಕೊನೆಯ ಭಾಗಕ್ಕೆ ಒಳಗಿನ ರಬ್ಬರ್ ಸೀಲ್ ಹೋಗುವುದೇ ಇಲ್ಲ, ಅಲ್ಲಿ ಕೆಸರು, ತುಕ್ಕು ಕೂತಿರುತ್ತದೆ. ಸೀಲ್ ಒಮ್ಮೆಲೇ ಅಲ್ಲಿಗೆ ಹೋದರೆ ಕೊಯ್ದುಕೊಳ್ಳುತ್ತದೆ. ಇನ್ನೊಂದು, ಈ ಗಾಡಿಯ ಕ್ಲಚ್ಚಿಗೂ ಆಯಿಲ್ ಹೋಗುವುದು ಅದೇ ಡಬ್ಬಿಯಿಂದ. ಕ್ಲಚ್ ಲೈನಿನ ಹಳೆ ಆಯಿಲನ್ನೂ ತೆಗೆಯಬೇಕು. ಬಹಳ ಕಡೆ ಇದನ್ನು ಬಿಟ್ಟುಬಿಡುತ್ತಾರೆ. ಪೇಂಟ್ ಮೇಲೆ ಬಿದ್ದರೆ ಬಟ್ಟೆಯಲ್ಲಿ ಉಜ್ಜುತ್ತಾ ಕೂರದೆ ತಕ್ಷಣ ನೀರು ಸುರಿಯಿರಿ.

ಇನ್ನು ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್. ಟ್ರ್ಯಾಕಿಗೆ ಹೋಗುವಾಗ ಕನಿಷ್ಠ ಅರ್ಧಕ್ಕಿಂತ ಹೆಚ್ಚು ದಪ್ಪ ಉಳಿದಿರಬೇಕು. ಸವೆದ ಪ್ಯಾಡಿನಲ್ಲಿ ಡಿಸ್ಕಿನ ಬಿಸಿ ಸೀದಾ ಪಿಸ್ಟನ್ನಿಗೆ, ಅಲ್ಲಿಂದ ಆಯಿಲ್‌ಗೆ ಹೋಗುತ್ತದೆ. ಪೂರ್ತಿ ರೇಸ್ ಪ್ಯಾಡ್ ಹಾಕಿಕೊಂಡು ಹೊಸೂರು ರಸ್ತೆಯಲ್ಲಿ ಹೋಗುವುದು ಅಪಾಯ, ತಣ್ಣಗಿರುವಾಗ ಅದು ಹಿಡಿಯುವುದೇ ಇಲ್ಲ. ರಸ್ತೆ, ಟ್ರ್ಯಾಕ್ ಎರಡಕ್ಕೂ ನಡೆಯುವ ನಡುವಿನ ದರ್ಜೆಯದು ಸಾಕು.

ಹೊಸ ಪ್ಯಾಡನ್ನು ಪಳಗಿಸಬೇಕು. ಬೆಳಗಿನ ಜಾವ, ಹಿಂದೆ ಮುಂದೆ ಗಾಡಿ ಇಲ್ಲದ ನೇರ ರಸ್ತೆಯಲ್ಲಿ 80ರಿಂದ 20ಕ್ಕೆ ಎಂಟು ಹತ್ತು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ ಇಳಿಸುವುದು. ಪೂರ್ತಿ ನಿಲ್ಲಿಸಬಾರದು. ಸುಟ್ಟ ವಾಸನೆ ಬರುತ್ತದೆ, ಬರಲಿ. ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ಆರಿಸಬೇಕು. ಬಿಸಿ ಡಿಸ್ಕ್ ಮೇಲೆ ಪ್ಯಾಡ್ ಒತ್ತಿ ನಿಂತರೆ ಪ್ಯಾಡಿನ ಪದಾರ್ಥ ಒಂದೇ ಕಡೆ ಅಂಟಿ, ಆಮೇಲೆ ಬ್ರೇಕ್ ಹಾಕಿದಾಗಲೆಲ್ಲ ಸ್ಟಿಯರಿಂಗ್ ನಡುಗುತ್ತದೆ. "ಡಿಸ್ಕ್ ಬೆಂಡ್ ಆಗಿದೆ ಸಾರ್" ಎಂದು ಮೆಕ್ಯಾನಿಕ್ ಹೇಳುವುದು ಬಹಳ ಸಲ ಈ ಅಂಟಿನ ಕಲೆಯನ್ನೇ.

ಪೋಲೊಗೆ ಹಿಂದೆ ಡ್ರಮ್. ಬೈಯುವವರು ಬಹಳ, ಆದರೆ ಮುಂದಿನ ಚಕ್ರ ಎಳೆಯುವ ಹಗುರ ಗಾಡಿಯಲ್ಲಿ ಹಿಂಬದಿಯ ಕೆಲಸ ಕಡಿಮೆ. ಡ್ರಮ್ ಬಿಚ್ಚಿ ವೀಲ್ ಸಿಲಿಂಡರಿನ ರಬ್ಬರ್ ಹಿಂದೆ ಒದ್ದೆ ಇದೆಯೇ, ಶೂ ಎಷ್ಟಿದೆ ಎಂದು ನೋಡಿದರೆ ಮುಗಿಯಿತು.

ಟ್ರ್ಯಾಕಿನಲ್ಲಿ ಬ್ರೇಕ್ ಕೈಕೊಟ್ಟರೆ ಯಾವುದು ಕೆಟ್ಟಿತೆಂದು ಕಾಲೇ ಹೇಳುತ್ತದೆ. ಪೆಡಲ್ ಕಲ್ಲಿನಂತೆ ಗಟ್ಟಿ, ಆದರೆ ಗಾಡಿ ನಿಲ್ಲುತ್ತಿಲ್ಲ: ಪ್ಯಾಡ್ ಕಾದು ಹಿಡಿತ ಬಿಟ್ಟಿದೆ. ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗುತ್ತಿದೆ: ಆಯಿಲ್ ಕುದಿದಿದೆ. ಮೊದಲನೆಯದಕ್ಕೆ ಒಂದೆರಡು ಲ್ಯಾಪ್ ನಿಧಾನ ಮಾಡಿದರೆ ಸಾಕು. ಎರಡನೆಯದಾದರೆ ಪಟಪಟನೆ ಪೆಡಲ್ ತುಳಿದು ಒತ್ತಡ ಏರಿಸಿಕೊಂಡು, ಗೇರ್ ಇಳಿಸಿ, ಪಿಟ್ಟಿಗೆ ಬರಬೇಕು. ಮತ್ತೆ ಏರ್ ತೆಗೆಯುವವರೆಗೆ ಆ ಗಾಡಿಯನ್ನು ಟ್ರ್ಯಾಕಿಗೆ ಇಳಿಸಬಾರದು.

ಟೈರ್ ವಿಷಯ. ಟೈರಿನ ಪಕ್ಕದಲ್ಲಿ DOT ಎಂದು ಶುರುವಾಗುವ ಅಕ್ಷರದ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2322 ಎಂದಿದ್ದರೆ 2022ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ ಟೈರ್ ಎಷ್ಟೇ ಬಟನ್ (ಮೇಲಿನ ಅಚ್ಚು) ಇದ್ದರೂ ಟ್ರ್ಯಾಕಿಗೆ ಬೇಡ, ರಬ್ಬರ್ ಗಟ್ಟಿಯಾಗಿರುತ್ತದೆ. ಗಾಳಿ ಬೆಳಿಗ್ಗೆ ತಣ್ಣಗಿರುವಾಗ 30 ಪಿಎಸ್‌ಐಯಿಂದ ಶುರು ಮಾಡಿ, ಮೊದಲ ಸೆಷನ್ ಮುಗಿಸಿ ಪಿಟ್ಟಿಗೆ ಬಂದ ತಕ್ಷಣ ಅಳೆಯಬೇಕು. ಬಿಸಿಗೆ ನಾಲ್ಕರಿಂದ ಏಳು ಪಿಎಸ್‌ಐ ಏರಿರುತ್ತದೆ. 35ರ ಆಸುಪಾಸಿನಲ್ಲಿ ನಿಲ್ಲುವಂತೆ ಬಿಡುತ್ತಾ ಹೋಗುವುದು. ಟೈರಿನ ಭುಜದಿಂದ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟರೆ ತಿರುವಿನಲ್ಲಿ ಟೈರ್ ಎಲ್ಲಿಯವರೆಗೆ ಮಗುಚಿದೆ ಎಂದು ಗೊತ್ತಾಗುತ್ತದೆ. ಪಕ್ಕದಲ್ಲಿರುವ ಸಣ್ಣ ತ್ರಿಕೋನದ ಗುರುತು ದಾಟಿ ಸುಣ್ಣ ಅಳಿಸಿದ್ದರೆ ಗಾಳಿ ಕಡಿಮೆ. ಸಾಯಂಕಾಲ ಹೊರಡುವ ಮುನ್ನ ರಸ್ತೆಯ ಒತ್ತಡಕ್ಕೆ ಮತ್ತೆ ಗಾಳಿ ತುಂಬಿಸಲೇಬೇಕು. ಇದಕ್ಕೇ ಒಂದು ಸಣ್ಣ ಪಂಪ್ ಮತ್ತು ಸ್ವಂತದ ಗೇಜ್ ಇರಲಿ. ಬಂಕಿನ ಗೇಜುಗಳಲ್ಲಿ ಒಂದು ಹೇಳಿದ್ದು ಇನ್ನೊಂದು ಹೇಳುವುದಿಲ್ಲ.

ಚಕ್ರದ ಬೋಲ್ಟ್ 120 ಎನ್ಎಂ, ಟಾರ್ಕ್ ರೆಂಚಿನಲ್ಲೇ. ಪಂಕ್ಚರ್ ಅಂಗಡಿಯ ಗಾಳಿ ಗನ್ನಿನಲ್ಲಿ ಬಿಗಿಸಿದ್ದು ಕೆಲವು ಅತಿ, ಕೆಲವು ಕೊರೆ.

ಪೆಟ್ರೋಲ್. ಟರ್ಬೊ ಎಂಜಿನ್, ಕೊಯಮತ್ತೂರಿನ ಬಿಸಿಲು, ಸತತ 5,000 ಆರ್‌ಪಿಎಂ ಸೇರಿದರೆ ನಾಕಿಂಗ್‌ಗೆ, ಅಂದರೆ ಪೆಟ್ರೋಲ್ ಹದ ತಪ್ಪಿ ತಾನಾಗಿ ಸಿಡಿಯುವುದಕ್ಕೆ, ದಾರಿ. ಈಗಿನ ಎಂಜಿನ್ ಅದನ್ನು ಕೇಳಿಸಿಕೊಂಡು ಸ್ಪಾರ್ಕನ್ನು ತಡ ಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಪವರ್ ಹೋಗುತ್ತದೆ. ನಾಕಿಂಗ್ ತಡೆಯುವ 95 ಆಕ್ಟೇನ್ ಪೆಟ್ರೋಲ್ ಹಾಕಿದರೆ ಇಷ್ಟಕ್ಕೆ ಸಾಕು. ರೀಮ್ಯಾಪ್ ಆಗದ ಗಾಡಿಗೆ ಲೀಟರಿಗೆ ಬಹಳ ಹೆಚ್ಚು ದುಡ್ಡು ಕೊಟ್ಟು 100 ಆಕ್ಟೇನ್ ಕುಡಿಸುವುದು ಮನಸ್ಸಿನ ಸಮಾಧಾನ ಅಷ್ಟೇ. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿಳಿದರೆ ಉದ್ದ ತಿರುವಿನಲ್ಲಿ ಪೆಟ್ರೋಲ್ ಪಕ್ಕಕ್ಕೆ ಸರಿದು ಎಂಜಿನ್ ಮುಗ್ಗರಿಸುತ್ತದೆ. ಇನ್ನು ಎತ್ತರ: ಬೆಂಗಳೂರು ಸುಮಾರು 920 ಮೀಟರ್, ಕೊಯಮತ್ತೂರು 410. ಅಲ್ಲಿನ ಗಾಳಿ ದಟ್ಟ. ಟರ್ಬೊ ಇಲ್ಲದ ಹಳೆಯ ಹೋಂಡಾ ಸಿಟಿ ವಿಟೆಕ್‌ನವರಿಗೆ ಪುಕ್ಕಟೆ ಸಿಗುವ ಲಾಭ ಅದು.

ಎಂಜಿನ್ ಆಯಿಲ್ ಡಿಪ್‌ಸ್ಟಿಕ್ಕಿನ ಮೇಲ್ಗೆರೆಯ ಹತ್ತಿರವಿರಲಿ, ದಾಟುವುದು ಬೇಡ. ಕೂಲಂಟ್ ಗುಲಾಬಿ ಬಣ್ಣದ್ದು, ಅದಕ್ಕೆ ಹಸಿರು ಸುರಿಯಬಾರದು. ಇನ್ನು ಮುಂದಿನ ಬಂಪರಿಗೆ ಹಾಕುವ ಟೋ ಹುಕ್: ಕೆಟ್ಟು ನಿಂತ ಗಾಡಿಯನ್ನು ಎಳೆಯಲು ಬೇಕು, ಈ ಗಾಡಿಗಳಲ್ಲಿ ಅದರ ಮರೆ (ಥ್ರೆಡ್) ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಮಾರ್ಷಲ್ ಬಂದು ಕಾಯುತ್ತಿರುವಾಗ ಬಲಕ್ಕೆ ತಿರುಗಿಸುತ್ತಾ ಬೆವರುವವರು ಪ್ರತಿ ಟ್ರ್ಯಾಕ್ ಡೇಯಲ್ಲೂ ಒಬ್ಬರಿರುತ್ತಾರೆ.

ಇಷ್ಟೆಲ್ಲ ಸರಿಯಿದ್ದಾಗ ಸಿಗುವ ಸುಖ ಯಾವುದು? ನೇರ ದಾರಿಯ ವೇಗವಲ್ಲ, ಅದು ನೈಸ್ ರಸ್ತೆಯಲ್ಲೂ ಸಿಗುತ್ತದೆ, ಜೊತೆಗೆ ದಂಡದ ಚೀಟಿಯೂ. ಸುಖವಿರುವುದು ಬ್ರೇಕ್ ಹಾಕಿ ತಿರುವಿಗೆ ಇಳಿಯುವ ಆ ಎರಡು ಸೆಕೆಂಡಿನಲ್ಲಿ. ನಾಲ್ಕನೇ ಗೇರಿನಲ್ಲಿ ಬರುತ್ತೀರಿ. ಬಲಗಾಲಿನ ಮುಂಭಾಗ ಬ್ರೇಕಿನ ಮೇಲೆ, ಮೊದಲೇ ಜೋರು, ಆಮೇಲೆ ಹದ. ಎಡಗಾಲು ಕ್ಲಚ್ ಒತ್ತುತ್ತದೆ. ಬ್ರೇಕಿನ ಒತ್ತಡ ಕದಲದಂತೆ ಅದೇ ಬಲಗಾಲಿನ ಅಂಚನ್ನು ಹೊರಳಿಸಿ ಆಕ್ಸಿಲರೇಟರಿಗೆ ಒಂದು ತಟ್ಟು. ಗೇರ್ ಮೂರಕ್ಕೆ, ಕ್ಲಚ್ ಬಿಡು. ನಾಲ್ಕರಲ್ಲಿ 3,000 ಇದ್ದ ಎಂಜಿನ್ ಮೂರರಲ್ಲಿ 4,000ದ ಆಸುಪಾಸು ತಿರುಗಬೇಕು. ಆ ಸಾವಿರವನ್ನು ನೀವು ಕಾಲಿನಿಂದ ಕೊಡದಿದ್ದರೆ ಕ್ಲಚ್ ಮುಂದಿನ ಚಕ್ರಗಳಿಂದ ಕಿತ್ತುಕೊಳ್ಳುತ್ತದೆ, ಅದೂ ಅವು ಬ್ರೇಕಿಗೆ ದುಡಿಯುತ್ತಿರುವ ಹೊತ್ತಿನಲ್ಲಿ. ಸರಿಯಾಗಿ ಬಿದ್ದರೆ ಗೇರ್ ಬಿದ್ದದ್ದೇ ತಿಳಿಯದು. ಕೆಲವು ಎಲೆಕ್ಟ್ರಾನಿಕ್ ಥ್ರಾಟಲ್ ಗಾಡಿಗಳು ಬ್ರೇಕ್ ಒತ್ತಿರುವಾಗ ಆಕ್ಸಿಲರೇಟರಿಗೆ ಕಿವಿಗೊಡುವುದಿಲ್ಲ, ಖರೀದಿಗೆ ಮುನ್ನ ಪರೀಕ್ಷಿಸಿ. ನಿಂತ ಗಾಡಿಯಲ್ಲಿ ಇದನ್ನು ಪೂರ್ತಿ ಕಲಿಯಲಾಗದು, ಓಡುವಾಗ ಜೋರಾಗಿ ಒತ್ತಿದಾಗಲೇ ಬ್ರೇಕ್ ಪೆಡಲ್ ಇಳಿದು ಆಕ್ಸಿಲರೇಟರಿನ ಮಟ್ಟಕ್ಕೆ ಬರುತ್ತದೆ. ಪೆಡಲ್ ಗಟ್ಟಿಯಿಲ್ಲದ ಗಾಡಿಯಲ್ಲಿ ಆ ಮಟ್ಟ ಪ್ರತಿ ಲ್ಯಾಪಿಗೂ ಬದಲಾಗುತ್ತದೆ, ಕಾಲು ತಪ್ಪುತ್ತದೆ. ಬ್ರೇಕ್ ಆಯಿಲ್‌ಗೆ ಇಷ್ಟು ಮರ್ಯಾದೆ ಕೊಡುವುದು ಇದಕ್ಕೂ ಸೇರಿ.

ಬ್ರೇಕನ್ನು ತಿರುವಿನೊಳಗೆ ನಿಧಾನವಾಗಿ ಬಿಡುತ್ತಾ ಹೋದರೆ ತೂಕ ಮೂತಿಯ ಮೇಲೆ ಉಳಿದು ಗಾಡಿ ಚೆನ್ನಾಗಿ ತಿರುಗುತ್ತದೆ. ಮೂತಿ ಹೊರಕ್ಕೆ ಜಾರಿದರೆ ಸ್ಟಿಯರಿಂಗ್ ಇನ್ನಷ್ಟು ತಿರುಗಿಸುವುದು ವ್ಯರ್ಥ, ಸ್ವಲ್ಪ ಸಡಿಲಿಸಿ ಆಕ್ಸಿಲರೇಟರ್ ಹದವಾಗಿ ಇಳಿಸಬೇಕು. ಥಟ್ಟನೆ ಕಾಲು ಎತ್ತಿದರೆ ಬಾಲ ತಿರುಗುತ್ತದೆ.

ಪ್ರತಿ ಸೆಷನ್ನಿನ ಕೊನೆಯ ಲ್ಯಾಪ್ ಬ್ರೇಕ್ ಮುಟ್ಟದೆ, ಮೇಲಿನ ಗೇರಿನಲ್ಲಿ. ಬ್ರೇಕೂ ಆರುತ್ತದೆ, ಟರ್ಬೊವೂ ಆರುತ್ತದೆ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ವಿಮೆಯ ಬಗ್ಗೆ ಒಂದು ಮಾತು: ನಮ್ಮ ಸಾಮಾನ್ಯ ಮೋಟಾರ್ ಪಾಲಿಸಿಗಳು ರೇಸ್ ಮತ್ತು ವೇಗ ಪರೀಕ್ಷೆಯಲ್ಲಾದ ನಷ್ಟವನ್ನು ಕೊಡುವುದಿಲ್ಲ. ಗೋಡೆಗೆ ಗುದ್ದಿದರೆ ಖರ್ಚು ಪೂರ್ತಿ ಜೇಬಿನದ್ದು. ಅದನ್ನು ಭರಿಸಲಾಗದ ಗಾಡಿಯನ್ನು ಟ್ರ್ಯಾಕಿಗೆ ತರಬಾರದು.

ಹೋಗುವ ದಾರಿ ಕೃಷ್ಣಗಿರಿ, ಧರ್ಮಪುರಿ, ಸೇಲಂ. ನಡುವೆ ತೊಪ್ಪೂರು ಘಾಟಿಯ ಇಳಿಜಾರು, ಬ್ರೇಕ್ ಫೇಲಾದ ಲಾರಿಗಳಿಗೆ ಕುಖ್ಯಾತ. ಅಲ್ಲಿ ಲಾರಿಯ ಮುಂದೆ ಉಳಿಯುವುದೂ ಬೇಡ, ಹಿಂದೆ ಅಂಟಿಕೊಳ್ಳುವುದೂ ಬೇಡ. ಚಾಮರಾಜನಗರದ ಕಡೆಯಿಂದ ದಿಂಬಂ ಘಾಟಿಯ 27 ಹೇರ್‌ಪಿನ್ ಇಳಿದು ಹೋಗುವ ಆಸೆ ಬಹಳ ಜನಕ್ಕೆ. ಅದು ಹುಲಿ ಅರಣ್ಯ, ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ, ಬಸ್ಸು ಲಾರಿಗಳು ಪೂರ್ತಿ ರಸ್ತೆ ತೆಗೆದುಕೊಂಡೇ ತಿರುಗಬೇಕು. ನೋಡಲು ಹೋಗಿ, ಟೈಮ್ ನೋಡಲು ಅಲ್ಲ.

ಡಿಕ್ಕಿಗೆ ಹಾಕಬೇಕಾದ್ದು: ಫುಲ್‌ಫೇಸ್ ಹೆಲ್ಮೆಟ್, ಟಾರ್ಕ್ ರೆಂಚ್, ಜ್ಯಾಕ್ ಸ್ಟ್ಯಾಂಡ್, ಪಂಪ್, ಗೇಜ್, ಉಳಿದ ಬ್ರೇಕ್ ಆಯಿಲ್, ಪೈಪ್, ಒಂದು ಲೀಟರ್ ಎಂಜಿನ್ ಆಯಿಲ್, ಐದು ಲೀಟರ್ ನೀರು. ಇವತ್ತು ಬಿಚ್ಚಿದ ಹಳೆಯ ಪ್ಯಾಡ್‌ಗಳನ್ನೂ ಕಟ್ಟಿಟ್ಟುಕೊಳ್ಳಬೇಕು. ಟ್ರ್ಯಾಕಿನಲ್ಲಿ ಹೊಸ ಪ್ಯಾಡ್ ಮೂರು ಮಿಲಿಮೀಟರಿಗೆ ಇಳಿದರೆ ಆ ಹಳೆಯದರಲ್ಲೇ ಮನೆಗೆ ವಾಪಸ್. ಬದಲಾಯಿಸಲು ಕ್ಯಾಲಿಪರ್ ಪಿನ್ನಿಗೆ 7 ಎಂಎಂ ಅಲೆನ್ ಕೀ ಬೇಕು. ಮಾಮೂಲಿ ಸೆಟ್ಟುಗಳಲ್ಲಿ 6 ಇರುತ್ತದೆ, 8 ಇರುತ್ತದೆ, 7 ಇರುವುದಿಲ್ಲ. ನಾಳೆ ಎಸ್‌ಪಿ ರಸ್ತೆಯಲ್ಲಿ ಬಿಡಿಯಾಗಿ ಒಂದು ತರಬೇಕು.