ಖಜಾನೆ ಖಾಲಿ, ವೈನ್ ಶಾಪ್ ಮುಂದೆ ಕ್ಯೂ
2020ರ ಮೇ 4 ನೆನಪಿದೆಯಾ? ಲಾಕ್‌ಡೌನ್‌ನಲ್ಲಿ ಮುಚ್ಚಿದ್ದ ವೈನ್ ಶಾಪ್‌ಗಳು ತೆರೆದ ದಿನ. ನಮ್ಮ ಬೀದಿಯ ತುದಿಯವರೆಗೂ ಕ್ಯೂ. ನಾವೆಲ್ಲ ಫೋಟೊ ಹಂಚಿಕೊಂಡು ನಕ್ಕಿದ್ದೇ ನಕ್ಕಿದ್ದು, ಆದರೆ ಆ ಕ್ಯೂಗಾಗಿ ನಮಗಿಂತ ಜಾಸ್ತಿ ಕಾದಿದ್ದು ಸರ್ಕಾರದ ಹಣಕಾಸು ಇಲಾಖೆ. ಯಾಕಂದ್ರೆ ಜಿಎಸ್‌ಟಿ ಬಂದ ಮೇಲೆ ರಾಜ್ಯದ ಕೈಯಲ್ಲಿ ಮುಖ್ಯವಾಗಿ ಉಳಿದಿದ್ದು ಅಬಕಾರಿ, ಪೆಟ್ರೋಲ್-ಡೀಸೆಲ್ ತೆರಿಗೆ, ಆಸ್ತಿ ನೋಂದಣಿ, ವಾಹನ ತೆರಿಗೆ, ಇಷ್ಟೇ. ಲಾಕ್‌ಡೌನ್‌ನಲ್ಲಿ ನಾಲ್ಕೂ ಒಟ್ಟಿಗೆ ಮಲಗಿದವು. ಅಂಗಡಿ ತೆರೆದ ಎರಡೇ ದಿನಕ್ಕೆ ಅಬಕಾರಿ ಸುಂಕ ಏರಿತು. ಅದೇ ದಿನ ಆಟೊ ಚಾಲಕರು, ಮಡಿವಾಳರು, ಕ್ಷೌರಿಕರಿಗೆ ತಲಾ 5,000 ರೂಪಾಯಿ ಘೋಷಣೆ. ಈ ಕೈಲಿ ಕಿತ್ಕೊಂಡು ಆ ಕೈಲಿ ಕೊಟ್ಟ ಹಾಗೆ, ಅಲ್ವಾ?

ಜಿಎಸ್‌ಟಿಯಿಂದ ರಾಜ್ಯಕ್ಕಾದ ನಷ್ಟಕ್ಕೆ ಕೇಂದ್ರದಿಂದ ಪರಿಹಾರ, ತೆರಿಗೆ ಆದಾಯ ವರ್ಷಕ್ಕೆ ಶೇ 14 ಏರುತ್ತೆ ಅನ್ನೋ ಲೆಕ್ಕದಲ್ಲಿ ಸಿಗಬೇಕಿತ್ತು. ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕೊರೊನಾ ದೇವರ ಆಟ ಅನ್ನೋ ಅರ್ಥದಲ್ಲಿ ಮಾತಾಡಿ ರಾಜ್ಯಗಳಿಗೆ ಸಾಲದ ದಾರಿ ತೋರಿಸಿದರು. ರಾಜ್ಯಗಳ ಸಾಲದ ಮಿತಿ ಆ ವರ್ಷ ರಾಜ್ಯದ ಒಟ್ಟು ಉತ್ಪನ್ನದ (ಜಿಎಸ್‌ಡಿಪಿ) ಶೇ 3ರಿಂದ 5ಕ್ಕೆ ಹೋಯಿತು. 2021ರ ಮಾರ್ಚ್‌ನಲ್ಲಿ ಯಡಿಯೂರಪ್ಪ ಮಂಡಿಸಿದ ಬಜೆಟ್‌ನಲ್ಲಿ ಸುಮಾರು 15 ಸಾವಿರ ಕೋಟಿ ರೂಪಾಯಿ ರಾಜಸ್ವ ಕೊರತೆ, ಅಂದ್ರೆ ದಿನನಿತ್ಯದ ಖರ್ಚಿಗೇ ಆದಾಯ ಸಾಲದ ಸ್ಥಿತಿ. ಸರ್ಕಾರಿ ನೌಕರರ ತುಟ್ಟಿಭತ್ಯೆ ಏರಿಕೆಯೂ ಒಂದೂವರೆ ವರ್ಷ ನಿಂತಿತ್ತು. ನಮ್ಮ ಅಪ್ಪ ಈಗಲೂ ಆ ಬಾಕಿ ಲೆಕ್ಕ ಹಾಕ್ತಾ ಕೂತಿರುತ್ತಾರೆ.