ಬೆಳವಣಿಗೆ ಇಲ್ಲ

11 ನವೆಂಬರ್ 2024, ಸೋಮವಾರ

ಮೂತ್ರದ ಸೋಂಕಿದೆಯೇ ಎಂದು ನೋಡಲು ಶನಿವಾರ ಬೆಳಿಗ್ಗೆ ಲ್ಯಾಬಿಗೆ ಕೊಟ್ಟು ಬಂದಿದ್ದ ಯೂರಿನ್ ಕಲ್ಚರ್‌ನ ರಿಪೋರ್ಟ್ ಇಂದು ಸಂಜೆ ಕೈಗೆ ಬಂತು. 48 ಗಂಟೆ ಇಟ್ಟು ನೋಡಿದರೂ ಯಾವ ಬ್ಯಾಕ್ಟೀರಿಯಾವೂ ಬೆಳೆದಿಲ್ಲವೆಂದು ಅದರಲ್ಲಿತ್ತು. "ಏನೂ ಇಲ್ಲ ಮೇಡಂ, ನಾರ್ಮಲ್ ಇದೆ" ಎಂದು ಕೌಂಟರಿನ ಹುಡುಗಿ ಸಂತೋಷದಿಂದಲೇ ಹೇಳಿದಳು. ನಾನು ಅವಳಿಗೆ ನಗುಮುಖ ತೋರಿಸಿ ಹೊರಗೆ ಬಂದು, ಸ್ಕೂಟರಿನ ಮೇಲೆ ಕುಳಿತು, ಹೆಲ್ಮೆಟ್ ಹಾಕಿಕೊಂಡು, ಅದರ ಗಾಜನ್ನು ಇಳಿಸಿಕೊಂಡು ಅತ್ತುಬಿಟ್ಟೆ.

ರೋಗವಿಲ್ಲವೆಂಬ ವರದಿಗೆ ಅಳುವವರೂ ಇದ್ದಾರೆಯೇ ಎಂದು ಯಾರಾದರೂ ಕೇಳಬಹುದು. ಗುರುವಾರದಿಂದ ಅರ್ಧ ಗಂಟೆಗೊಮ್ಮೆ ಅವಸರವಾಗುತ್ತದೆ, ಓಡಿಹೋದರೆ ನಾಲ್ಕು ಹನಿ, ಆ ನಾಲ್ಕು ಹನಿಗೂ ಹಸಿಮೆಣಸಿನಕಾಯಿ ಅರೆದ ಕೈ ಕಣ್ಣಿಗೆ ತಗುಲಿದಂಥ ಉರಿ. ಏನಾದರೂ ಬೆಳೆದಿದ್ದರೆ ಈ ಉರಿಗೆ ಒಂದು ಹೆಸರಿರುತ್ತಿತ್ತು. ಹೆಸರಿನ ಕೆಳಗೆ ಔಷಧಗಳ ಪಟ್ಟಿ, ಪ್ರತಿಯೊಂದರ ಎದುರಿಗೆ ಎಸ್ ಅಥವಾ ಆರ್ ಎಂಬ ಅಕ್ಷರ, ಅಂದರೆ ಈ ಮಾತ್ರೆಗೆ ಬಗ್ಗುತ್ತದೆ, ಇದಕ್ಕೆ ಬಗ್ಗುವುದಿಲ್ಲ ಎಂಬ ತೀರ್ಮಾನ ಇರುತ್ತಿತ್ತು. ಬೆಳೆಯದೆ ಹೋದರೆ ನೋವಿಗೆ ನಾನೊಬ್ಬಳೇ ಸಾಕ್ಷಿ, ಮತ್ತು ಒಂದೇ ವರ್ಷದಲ್ಲಿ ಐದನೆಯ ಸಲ ಹೀಗಾದ ಹೊತ್ತಿಗೆ ಆ ಸಾಕ್ಷಿಗೂ ತನ್ನ ಮಾತಿನ ಮೇಲೆ ನಂಬಿಕೆ ಕಡಿಮೆಯಾಗಿರುತ್ತದೆ.

ಜೀವಶಾಸ್ತ್ರ ಕಲಿಸಿ ಹೊಟ್ಟೆ ಹೊರೆಯುವವಳಾದ್ದರಿಂದ ಈ 'ನಾರ್ಮಲ್' ಎಲ್ಲಿಂದ ಬಂತೆಂದು ನನಗೆ ಗೊತ್ತು. ಒಂದು ಮಿಲಿಲೀಟರಿನಲ್ಲಿ 1 ಲಕ್ಷ ಬ್ಯಾಕ್ಟೀರಿಯಾ ಸಿಕ್ಕರೆ ಸೋಂಕು ಎಂಬ ಗೆರೆಯನ್ನು 1950ರ ದಶಕದಲ್ಲಿ ಬಾಸ್ಟನ್ನಿನ ವೈದ್ಯ ಎಡ್ವರ್ಡ್ ಕ್ಯಾಸ್ ಎಳೆದರು. ಆದರೆ ಅವರು ನೋಡಿದ್ದು ಮುಖ್ಯವಾಗಿ ಮೂತ್ರಪಿಂಡದವರೆಗೆ ಸೋಂಕು ಏರಿದವರನ್ನು ಮತ್ತು ಯಾವ ಲಕ್ಷಣವೂ ಇಲ್ಲದವರನ್ನು. ಉರಿಯಿಂದ ನರಳುತ್ತಿರುವ ಹೆಂಗಸರಲ್ಲಿ ಬರಿಯ 100 ಸಿಕ್ಕರೂ ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಬೇಕೆಂದು 1982ರಲ್ಲಿ ಸಿಯಾಟಲ್‌ನ ವಾಲ್ಟರ್ ಸ್ಟ್ಯಾಮ್ ಮತ್ತು ಸಂಗಡಿಗರು ತೋರಿಸಿದರು. ನಾನಂತೂ ಶನಿವಾರ ಬೆಳಿಗ್ಗೆ ಐದಕ್ಕೇ ಎದ್ದು ಭಯಕ್ಕೆ ಎರಡು ಚೊಂಬು ನೀರು ಕುಡಿದು, ಸ್ಯಾಂಪಲನ್ನು ನೀರಿನಂತೆ ತೆಳ್ಳಗೆ ಮಾಡಿಕೊಂಡೇ ಹೋಗಿ ಕೊಟ್ಟಿದ್ದೆ. ಇಷ್ಟೆಲ್ಲ ಗೊತ್ತಿದ್ದೂ, 'ಇದೆಲ್ಲ ನನ್ನ ಮನಸ್ಸಿನ ಭ್ರಮೆ ಇರಬಹುದೇ' ಎಂಬ ಪ್ರಶ್ನೆ ಮನೆ ತಲುಪುವವರೆಗೂ ನನ್ನನ್ನು ಬಿಡಲಿಲ್ಲ.

ಇಂದು ದ್ವಿತೀಯ ಪಿಯುಸಿಯವರಿಗೆ ಮಾಡಿದ್ದು ಲ್ಯಾಕ್ ಒಪೆರಾನ್ ಪಾಠ. ಫ್ರೆಂಚ್ ವಿಜ್ಞಾನಿಗಳಾದ ಜಾಕಬ್ ಮತ್ತು ಮೊನಾಡ್ ಜೀನುಗಳನ್ನು ಹಚ್ಚಿ ಆರಿಸುವ ಈ ಸ್ವಿಚ್ಚನ್ನು ಕಂಡುಕೊಂಡದ್ದು ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ; ನನ್ನಂಥವರ ಮೂತ್ರಕೋಶದ ಸೋಂಕಿಗೂ ಬಹುಪಾಲು ಅದೇ ಕಾರಣ. ಬೋರ್ಡಿನ ಮೇಲೆ ಅದರ ಚಿತ್ರ ಬರೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಇದು ನಮ್ಮ ಹೊಟ್ಟೆಯಲ್ಲೇ ಇರುತ್ತಾ ಮೇಡಂ?" ಎಂದು ಕೇಳಿದ. ಕರುಳಿನಲ್ಲಿ ತನ್ನ ಪಾಡಿಗೆ ತಾನು ಇರುತ್ತದೆ ಎಂದೆ. "ಜಾಗ ತಪ್ಪಿದರೆ?" ಎಂದ. ಜಾಗ ತಪ್ಪಿ ಮೂತ್ರಕೋಶ ಸೇರಲು ಮೂತ್ರ ಹೊರಬರುವ ನಾಳದಲ್ಲಿ ಅದು ಏರಬೇಕಾದ ದಾರಿ ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್, ಹೆಂಗಸರಲ್ಲಿ 4 ಎಂದು ಹೇಳಬಹುದಿತ್ತು. "ಅದು ಸಿಲಬಸ್ಸಿನಲ್ಲಿಲ್ಲ" ಎಂದುಬಿಟ್ಟೆ, ಏಕೆಂದರೆ ಆ ಹೊತ್ತಿಗೆ ನನ್ನ ಗಮನವೆಲ್ಲ ಗಡಿಯಾರದ ಮೇಲಿತ್ತು.

ನಮ್ಮ ಕಾಲೇಜಿನಲ್ಲಿ ಅಧ್ಯಾಪಕಿಯರಿಗೆ ಒಂದೇ ಶೌಚಾಲಯ. ಅದರ ಬೀಗದ ಕೈ ಆಫೀಸಿನ ಗೋಡೆಯ ಮೊಳೆಯಲ್ಲಿ ತೂಗುತ್ತದೆ. ಕಳೆದುಹೋಗಬಾರದೆಂದು ಅದಕ್ಕೆ ಗೇಣುದ್ದದ ಮರದ ಪಟ್ಟಿ ಕಟ್ಟಿ, ಪಟ್ಟಿಯ ಮೇಲೆ ನೀಲಿ ಪೇಂಟಿನಲ್ಲಿ 'ಮಹಿಳೆಯರು' ಎಂದು ಬರೆದಿದ್ದಾರೆ. ಆ ಪಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡರೂ ತುದಿ ಇಣುಕುತ್ತದೆ. ಒಳ್ಳೆಯ ದಿನಗಳಲ್ಲಿ ಅದು ತಮಾಷೆ. ಇಂಥ ದಿನಗಳಲ್ಲಿ ಬೆಳಗಿನಿಂದ ಮೂರನೆಯ ಸಲ ಅದನ್ನು ಮೊಳೆಯಿಂದ ತೆಗೆಯುವಾಗ, ಗುಮಾಸ್ತರು ತಲೆ ಎತ್ತಿ ನೋಡಿ, ಏನೂ ಹೇಳದೆ ಮತ್ತೆ ತಲೆ ತಗ್ಗಿಸುವ ಆ ಒಂದು ಕ್ಷಣವನ್ನು ತಪ್ಪಿಸುವುದಕ್ಕಾಗಿ ನಾನು ಎಷ್ಟೋ ವರ್ಷ ನೀರನ್ನೇ ಕಡಿಮೆ ಮಾಡಿದ್ದೆ. ಅದೇ ತಪ್ಪಾಗಿತ್ತು. ದಿನಕ್ಕೆ 1.5 ಲೀಟರ್ ನೀರನ್ನು ಹೆಚ್ಚಾಗಿ ಕುಡಿದವರಿಗೆ ವರ್ಷದಲ್ಲಿ ಸರಾಸರಿ 1.7 ಸಲ, ಕುಡಿಯದವರಿಗೆ 3.2 ಸಲ ಸೋಂಕು ಬಂತೆಂದು ಬಲ್ಗೇರಿಯಾದ 140 ಹೆಂಗಸರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ಒಳ್ಳೆಯ ಅಧ್ಯಯನ. ಆ ಹೆಂಗಸರ ಬೀಗದ ಕೈ ಯಾರ ಗೋಡೆಯ ಮೇಲಿತ್ತೆಂಬುದು ಅದರ ವಿಷಯವಲ್ಲ.

ಮಧ್ಯಾಹ್ನ ನಾದಿನಿಯ ಫೋನ್ ಬಂದಿತ್ತು. ಭಾನುವಾರ ಹಾವೇರಿಯಲ್ಲಿ ಇವರ ಚಿಕ್ಕಮ್ಮನ ಮಗಳ ಮದುವೆ. ಎಲ್ಲರೂ ಒಟ್ಟಿಗೆ ಹೋಗಲು ಟೆಂಪೋ ಟ್ರಾವೆಲರ್ ಗೊತ್ತು ಮಾಡಿದ್ದಾರೆ. "ಮುಂದಿನ ಸೀಟು ನಿಮಗೇ ಇಟ್ಟಿದ್ದೀವಿ ಅತ್ತಿಗೆ" ಎಂದಳು ಪಾಪ, ಪ್ರೀತಿಯಿಂದಲೇ. ಅರಸೀಕೆರೆಯಲ್ಲಿ ರೈಲು ಹತ್ತಿ ನಾನೊಬ್ಬಳೇ ಬರುತ್ತೇನೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ಎಲ್ಲರ ಜೊತೆ ಕೂತು ಬರೋದು ಬೇಡ ಅನ್ಸುತ್ತಾ ನಿಮಗೆ?" ರೈಲಿನಲ್ಲಿ ಶೌಚಾಲಯವಿದೆ ಎಂಬ ಎರಡು ಪದಗಳ ಉತ್ತರ ಬಾಯಿಯವರೆಗೆ ಬಂತು, ಆದರೆ ಆ ಮನೆಯಲ್ಲಿ ಫೋನ್ ಯಾವಾಗಲೂ ಸ್ಪೀಕರಿನಲ್ಲಿರುತ್ತದೆ, ಪಕ್ಕದಲ್ಲಿ ಮಾವನವರು ಪೇಪರ್ ಓದುತ್ತಿರುತ್ತಾರೆ. ಶನಿವಾರ ಪೇಪರ್ ತಿದ್ದುವುದಿದೆ ಎಂದು ಸುಳ್ಳು ಹೇಳಿದೆ. ಈ ಕಾಯಿಲೆ ನನ್ನನ್ನು ನೋಯಿಸಿದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಸುಳ್ಳಿಯನ್ನಾಗಿ ಮಾಡಿದೆ. ಬಂಧುಗಳ ಬಳಗದಲ್ಲಿ ನನಗೀಗ 'ಬಿಂಕದವಳು' ಎಂಬ ಹೆಸರಿದೆ, ಮತ್ತು ಆ ಹೆಸರನ್ನು ಅಳಿಸುವುದಕ್ಕಿಂತ ಇಟ್ಟುಕೊಳ್ಳುವುದೇ ಸುಲಭವೆಂದು ನಾನೂ ಒಪ್ಪಿಕೊಂಡಿದ್ದೇನೆ.

ಅತ್ತೆಯವರಿಗೆ ಇದು 'ಉಷ್ಣ'. "ಮತ್ತೆ ಉಷ್ಣ ಆಯ್ತಾ?" ಎಂದು ಕೇಳಿ, ನಾನು ಉತ್ತರಿಸುವ ಮೊದಲೇ ಬಾರ್ಲಿ ಬೇಯಿಸಲು ಇಡುತ್ತಾರೆ. ಮೊದಮೊದಲು ಆ ಪದ ಕೇಳಿದರೆ ಸಿಟ್ಟು ಬರುತ್ತಿತ್ತು, ಬ್ಯಾಕ್ಟೀರಿಯಾಕ್ಕೆ ಉಷ್ಣವೆಂದರೇನು, ಶೀತವೆಂದರೇನು ಎಂದು ವಾದಿಸುತ್ತಿದ್ದೆ. ಈಗ ನೋಡಿದರೆ, ಊಟದ ಪಂಕ್ತಿಯಲ್ಲಿ ಗಂಡಸರ ಎದುರಿಗೂ ತಲೆ ತಗ್ಗಿಸದೆ ಆಡಬಹುದಾದ ಪದ ಅದೊಂದೇ. ನನ್ನ ವೈದ್ಯಕೀಯ ಪದಗಳಲ್ಲಿ ಯಾವುದಕ್ಕೂ ಆ ಯೋಗ್ಯತೆಯಿಲ್ಲ. 'ಇನ್ಫೆಕ್ಷನ್' ಎಂದರೆ ಸಾಕು, ಎದುರಿಗಿದ್ದವರ ಕಣ್ಣಿನಲ್ಲಿ ಕೊಳೆಯ ಯೋಚನೆ ಮೂಡುತ್ತದೆ. ಮೊದಲ ಸಲ ತೋರಿಸಿದ ಡಾಕ್ಟರೊಬ್ಬರು ಚೀಟಿ ಬರೆಯುತ್ತಲೇ "ಸ್ವಲ್ಪ ಕ್ಲೀನಾಗಿರಿ" ಎಂದಿದ್ದರು. ಆ ಒಂದು ಮಾತಿಗೆ ನಾನು ಎಂಟು ತಿಂಗಳು ದಿನಕ್ಕೆ ಮೂರು ಸಲ ಸೋಪು ಹಾಕಿ ತೊಳೆದುಕೊಂಡು, ಅಲ್ಲಿನ ಚರ್ಮವನ್ನು ಒಣಗಿಸಿ, ಇನ್ನಷ್ಟು ಕೆಡಿಸಿಕೊಂಡೆ.

ಇನ್ನೊಂದನ್ನು ಬರೆಯದಿದ್ದರೆ ಈ ದಿನಚರಿಯೂ ಸುಳ್ಳಾಗುತ್ತದೆ. ನಮ್ಮ ದಾಂಪತ್ಯದಲ್ಲಿ ಜಗಳವಿಲ್ಲ. ಆದರೆ ರಾತ್ರಿ ಇವರ ಕೈ ಭುಜದ ಮೇಲೆ ಬಿದ್ದರೆ ನನಗೆ ಮೊದಲು ನೆನಪಾಗುವುದು ಮರುದಿನ ಎಷ್ಟು ಪೀರಿಯಡ್ ಇದೆ ಎಂಬುದು. ಆಮೇಲೆ ಎದ್ದು ಬಚ್ಚಲಿಗೆ ಹೋಗುವುದು, ನೀರು ಕುಡಿಯುವುದು, ಮುಂದಿನ ಎರಡು ದಿನ ಕಿಬ್ಬೊಟ್ಟೆಯ ಪ್ರತಿ ಮಿಡುಕಿಗೂ ಕಿವಿಗೊಟ್ಟಿರುವುದು. ಇವರು ಅದನ್ನು ಅರಿತು, ನೋಯಿಸಬಾರದೆಂದು ಕೈ ಇಡುವುದನ್ನೇ ಬಿಟ್ಟರು. ಅದು ದೊಡ್ಡತನವೆಂದು ಗೊತ್ತಿದ್ದೂ, ಗೋಡೆಯ ಕಡೆ ತಿರುಗಿ ಮಲಗಿದ ಆ ಬೆನ್ನನ್ನು ನೋಡಿ ನನಗೆ ಎಷ್ಟೋ ಸಲ ಅವಮಾನವಾಗಿದೆ.

ಕಳೆದ ತಿಂಗಳು ಹಾಸನದಲ್ಲಿ ನೋಡಿದ ಡಾಕ್ಟರಮ್ಮ ಹೊಸ ಔಷಧವನ್ನೇನೂ ಕೊಡಲಿಲ್ಲ. ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಬಂದರೆ ಅದಕ್ಕೆ ಮರುಕಳಿಸುವ ಸೋಂಕು ಎನ್ನುತ್ತೇವೆ, ಸ್ಕ್ಯಾನ್ ಮಾಡಿಸಿ ನೋಡೋಣ, ತಡೆಯುವ ದಾರಿಗಳಿವೆ ಎಂದರು. ಆಮೇಲೆ ಪೆನ್ನು ಮುಚ್ಚಿಟ್ಟು "ರಾತ್ರಿ ನಿದ್ದೆ ಬರುತ್ತಾ ನಿಮಗೆ?" ಎಂದು ಕೇಳಿದರು. ಮೂರು ವರ್ಷಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ನಾಳೆ ಈ ರಿಪೋರ್ಟನ್ನು ಅವರಿಗೇ ಕಳುಹಿಸಬೇಕು.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಕು, ಏಕಾದಶಿಗಳ ನಡುವೆ ಜನವರಿಯಿಂದ ನಾಲ್ಕು ಕೆಂಪು ಚುಕ್ಕಿಗಳಿವೆ. ಊಟವಾದ ಮೇಲೆ ಕೆಂಪು ಪೆನ್ನು ಹಿಡಿದು ಅದರ ಮುಂದೆ ನಿಂತೆ. ಏನೂ ಬೆಳೆದಿಲ್ಲವೆಂದ ಮೇಲೆ ಐದನೆಯ ಚುಕ್ಕಿ ಇಡುವುದು ಸರಿಯೇ ಎಂದು ನಿರ್ಧರಿಸಲಾಗದೆ ಎಷ್ಟು ಹೊತ್ತು ನಿಂತಿದ್ದೆನೋ. ನೀರು ಕುಡಿಯಲು ಬಂದ ಇವರು ರಿಪೋರ್ಟನ್ನು ಆಗಲೇ ಓದಿದ್ದರು. "ಗುರುವಾರದಿಂದ ಅಲ್ವಾ?" ಎಂದು ಪೆನ್ನು ತೆಗೆದುಕೊಂಡು, ಕನ್ನಡಕವಿಲ್ಲದೆ, ಬುಧವಾರದ ಮನೆಯಲ್ಲಿ, ಅರ್ಧ ಲೀಟರ್ ಹೆಚ್ಚು ಹಾಲು ತೆಗೆದುಕೊಂಡ ಗುರುತಿನ ಮೇಲೆಯೇ ದೊಡ್ಡದಾಗಿ ಒಂದು ಚುಕ್ಕಿ ಇಟ್ಟರು. ತಿಂಗಳ ಕೊನೆಯಲ್ಲಿ ಹಾಲಿನ ಲೆಕ್ಕ ತಪ್ಪುತ್ತದೆ. ನಾನು ತಿದ್ದಲಿಲ್ಲ.