ಮಂಗಳೂರು ರನ್‌ವೇಯ ಕೆಳಗಿನ ಗುಡ್ಡ

ಎಕ್ಸ್-ಪ್ಲೇನ್ ಎಂಬ ವಿಮಾನ ಹಾರಾಟದ ಸಿಮ್ಯುಲೇಟರ್‌ಗೆ ಮಂಗಳೂರು ಏರ್‌ಪೋರ್ಟ್ ಸೀನರಿ (ನೆಲ, ಕಟ್ಟಡಗಳ ಕಂಪ್ಯೂಟರ್ ಮಾದರಿ) ಮಾಡ್ತಿದ್ದೇನೆ ಅಂದರೆ ಎಲ್ಲರೂ ಕೇಳುವುದು ಟರ್ಮಿನಲ್ ಹೇಗೆ ಬಂದಿದೆ ಅಂತ. ನನ್ನ ಹೊತ್ತೆಲ್ಲ ಹೋದದ್ದು ನೆಲಕ್ಕೆ. 24 ಸಂಖ್ಯೆಯ ರನ್‌ವೇ ಒಂದು ಕಡೆ ತಗ್ಗಾಗಿ, ಮುಂದೆ ಉಬ್ಬಿ, ಇಳಿದ ವಿಮಾನ ಹೊಂಡ ಬಿದ್ದ ರಸ್ತೆಯ ಬಸ್ಸಿನ ಹಾಗೆ ಕುಲುಕುತ್ತಿತ್ತು. ಅಂಚುಗಳು ಎರಡೂ ಬದಿ ಕಣಿವೆಯತ್ತ ಜೋತುಬಿದ್ದಿದ್ದವು.

ಇದಕ್ಕೆ ಸಿಗುವ ಸಿದ್ಧ ಮದ್ದು, ಸೀನರಿ ಕಟ್ಟುವ ವರ್ಲ್ಡ್ ಎಡಿಟರ್ ತಂತ್ರಾಂಶದಲ್ಲಿ ‘ಆಲ್ವೇಸ್ ಫ್ಲ್ಯಾಟನ್’ ಟಿಕ್ ಮಾಡುವುದು. ಆಗ ನಿಲ್ದಾಣದ ಗಡಿಯೊಳಗಿನ ನೆಲವೆಲ್ಲ ಒಂದೇ ಮಟ್ಟಕ್ಕೆ ಬರುತ್ತದೆ. ಬಯಲಿನ ನಿಲ್ದಾಣಕ್ಕೆ ಸರಿ, ಮಂಗಳೂರು ನಿಲ್ದಾಣ ಇರುವ ಬಜ್ಪೆಯ ಗುಡ್ಡಕ್ಕೆ ಆಗುವುದಿಲ್ಲ. ಗಡಿಯೊಳಗಿನ ಇಳಿಜಾರೂ ಮೇಲೆದ್ದು, ಗಡಿಗೆರೆಯಲ್ಲಿ ಗೋಡೆಯಾಗಿ ನಿಲ್ಲುತ್ತದೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಇದೇ 24ರ ತುದಿ ದಾಟಿ ಕೆಂಜಾರಿನ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು. ಆ ಇಳಿಜಾರನ್ನು ಬಯಲು ಮಾಡಿ ತೋರಿಸಲು ನನಗೆ ಮನಸ್ಸು ಬರುವುದಿಲ್ಲ. ಇಲ್ಲಿ ಇಳಿಯುವ ಪೈಲಟ್‌ಗೆ ಕಾಣಬೇಕಾದದ್ದೇ ಅದು.

ಹಾಗಾಗಿ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ನೆಲದ ಎತ್ತರದ ಫೈಲ್ ತೆರೆದು, ರನ್‌ವೇ ಉದ್ದಕ್ಕೂ ಗೆರೆ ಎಳೆದು ಪ್ರೊಫೈಲ್, ಅಂದರೆ ನೆಲದ ಏರಿಳಿತ, ನೋಡಿದೆ. ರನ್‌ವೇ ಇರಬೇಕಾದ ಕಡೆ ಹಳೆಯ ಗುಡ್ಡ, ಅದರ ಪಕ್ಕದಲ್ಲೇ ಹಳ್ಳ! ಕಾರಣ ಸರಳ. ನನ್ನ ಬಳಿ ಇದ್ದದ್ದು ಎಸ್‌ಆರ್‌ಟಿಎಂ ಎಂಬ ನೆಲದೆತ್ತರದ ದತ್ತಾಂಶ, ಎಂಡೆವರ್ ಬಾಹ್ಯಾಕಾಶ ನೌಕೆ 2000ದ ಫೆಬ್ರವರಿಯಲ್ಲಿ ರೇಡಾರ್‌ನಿಂದ ಅಳೆದದ್ದು. 2450 ಮೀಟರ್ ಉದ್ದದ ಈ ರನ್‌ವೇ ಬಳಕೆಗೆ ಬಂದದ್ದು 2006ರಲ್ಲಿ. ಗುಡ್ಡ ಸವರಿ ತಗ್ಗು ತುಂಬಿಸಿದ್ದೆಲ್ಲ ಅಳತೆ ಮುಗಿದ ಮೇಲಿನ ಕೆಲಸ. ಯಾವ ಬಟನ್ ಒತ್ತಿದರೂ ಆ ಫೈಲ್‌ನಲ್ಲಿ ಇಲ್ಲದ ಮಣ್ಣು ಬರುವುದಿಲ್ಲ.

ಆದ್ದರಿಂದ ಯುರೋಪಿನ ಕೋಪರ್ನಿಕಸ್ ಯೋಜನೆಯ 30 ಮೀಟರ್ ಡಿಇಎಂ (ಪ್ರತಿ ಚೌಕಕ್ಕೂ ಒಂದು ಎತ್ತರ ಬರೆದ ಡಿಜಿಟಲ್ ನಕ್ಷೆ) ತೆಗೆದುಕೊಂಡೆ. ಅದು ಟ್ಯಾನ್‌ಡೆಮ್-ಎಕ್ಸ್ ಉಪಗ್ರಹಗಳು 2011ರಿಂದ 2015ರ ನಡುವೆ ಅಳೆದದ್ದು, ಉಚಿತವಾಗಿ ಸಿಗುತ್ತದೆ. ಪ್ರೊಫೈಲ್ ಕೂಡಲೇ ನೆಟ್ಟಗಾಯಿತು. ಅಂಚು ಜೋಲುವುದು ಮಾತ್ರ ನಿಲ್ಲಲಿಲ್ಲ. ರನ್‌ವೇ ಅಗಲ 45 ಮೀಟರ್, ಒಂದು ಪಿಕ್ಸೆಲ್ 30 ಮೀಟರ್. ಅಂದರೆ ಅಡ್ಡಕ್ಕೆ ಒಂದೂವರೆ ಪಿಕ್ಸೆಲ್. ಅಂಚಿನ ಪಿಕ್ಸೆಲ್‌ನಲ್ಲಿ ಟಾರೂ ಇಳಿಜಾರೂ ಬೆರೆತಿರುತ್ತವೆ. ಮರದ ತಲೆ, ಕಟ್ಟಡದ ಸೂರು ಕೂಡ ಇದರಲ್ಲಿ ನೆಲವೆಂದೇ ಲೆಕ್ಕ.

ಇಲ್ಲಿಂದ ಮುಂದೆ ಕೈಕೆಲಸವೇ. ಡಿಇಎಂ ಅನ್ನು 10 ಮೀಟರ್ ಪಿಕ್ಸೆಲ್‌ಗಳಾಗಿ ಒಡೆದು, ರನ್‌ವೇ ಮತ್ತು ಅದರ ಬದಿಯ ಪಟ್ಟಿಗೆ ಬೇರೆ ರಾಸ್ಟರ್ (ಪಿಕ್ಸೆಲ್‌ಗಳ ಪದರ) ಮಾಡಿದೆ. ಎರಡು ತುದಿಗಳ ಎತ್ತರವನ್ನು ವಿಮಾನ ನಿಲ್ದಾಣ ಪ್ರಾಧಿಕಾರದ ಎಐಪಿ ಎಂಬ ಅಧಿಕೃತ ಮಾಹಿತಿ ಪುಸ್ತಕದಿಂದ ತೆಗೆದು, ಅಡಿಯಿಂದ ಮೀಟರಿಗೆ ತಿರುಗಿಸಿ, ನಡುವಿನದನ್ನು ಅವೆರಡರಿಂದ ಲೆಕ್ಕಹಾಕಿ ಮೂಲ ಡಿಇಎಂಗೆ ಸೇರಿಸಿದೆ. ಪಟ್ಟಿಯಾಚೆಯ ಇಳಿಜಾರನ್ನು ಮುಟ್ಟಲಿಲ್ಲ. ಜಿಪಿಎಸ್ ಲಾಗ್‌ನ ಕಚ್ಚಾ ಎತ್ತರವನ್ನು ಇದಕ್ಕೆ ಬಳಸಲೇಬೇಡಿ. ಅದು ಎಲಿಪ್ಸಾಯಿಡ್ (ಭೂಮಿಯ ನಯವಾದ ಗಣಿತದ ಆಕಾರ) ಲೆಕ್ಕ, ನಮ್ಮ ಕರಾವಳಿಯಲ್ಲಿ ಎತ್ತರವನ್ನು ಸಮುದ್ರಮಟ್ಟದ ಲೆಕ್ಕಕ್ಕಿಂತ 80 ಮೀಟರಿಗೂ ಮಿಕ್ಕಿ ಕೆಳಗೆ ತೋರಿಸುತ್ತದೆ. ನಿಲ್ದಾಣದ ಎತ್ತರವೇ 337 ಅಡಿ, ಸುಮಾರು 103 ಮೀಟರ್!

ತಿದ್ದಿದ ಡಿಇಎಂ ಫೈಲನ್ನು, ಸಿಮ್ಯುಲೇಟರ್‌ಗೆ ನೆಲ ಕಟ್ಟುವ ಆರ್ಥೋ4ಎಕ್ಸ್‌ಪಿ ತಂತ್ರಾಂಶಕ್ಕೆ ಕಸ್ಟಮ್ ಡಿಇಎಂ ಆಗಿ ಕೊಟ್ಟು +12+074 ಟೈಲ್ (ಮಂಗಳೂರು ಬರುವ ಅಕ್ಷಾಂಶ-ರೇಖಾಂಶದ ಚೌಕ) ಕಟ್ಟಿದೆ. ಅದರಲ್ಲಿ ಏರ್‌ಪೋರ್ಟ್ ಸ್ಮೂದಿಂಗ್ ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನು ಕಡಿಮೆಯೇ ಇಡಿ. ಹೆಚ್ಚಿಸಿದರೆ ರನ್‌ವೇಯ ನಿಜವಾದ ಇಳುಕಲೂ ಮಾಯ.

ಕೊನೆಗೆ ಉಳಿದದ್ದು ಟರ್ಮಿನಲ್. ದೊಡ್ಡ ಆಬ್ಜೆಕ್ಟ್ ತನ್ನ ಒಂದು ಬಿಂದುವಿನ ಎತ್ತರಕ್ಕೆ ಕೂರುತ್ತದೆ, ಆಚೆ ಮೂಲೆ ಗಾಳಿಯಲ್ಲಿ ನೇತಾಡುತ್ತದೆ. ಮಾಡೆಲ್‌ಗೆ ನೆಲದ ಕೆಳಗೂ ಎರಡು ಮೀಟರ್ ಗೋಡೆ ಇಳಿಸಿ ಮುಚ್ಚಿದೆ. ಎಲ್ಲ ಮಾಡಿಯೂ ಹಳೆಯ ನೆಲವೇ ಕಂಡರೆ ಸೀನರಿಗಳ ಪಟ್ಟಿ ಇರುವ ಸೀನರಿ ಪ್ಯಾಕ್ಸ್ ಫೈಲ್ ನೋಡಿ. ಒಂದು ಟೈಲ್‌ಗೆ ಎರಡು ಮೆಶ್ (ನೆಲದ ಮಾದರಿ) ಇದ್ದರೆ ಸಿಮ್ಯುಲೇಟರ್ ಓದುವುದು ಮೇಲಿನ ಸಾಲಿನಲ್ಲಿರುವುದನ್ನು ಮಾತ್ರ.